ಗಾಡಿ ಯಾವ ಕಂಪನಿಯದ್ದಾದರೂ ಬಳಗ ಒಂದೇ: ಕರಾವಳಿಯ ಫೋರ್ ಬೈ ಫೋರ್ ಮಾಲೀಕರು ಒಟ್ಟಾಗುವ ಬಗೆ

ಉಡುಪಿ, ಮಂಗಳೂರು ಕಡೆ ಫೋರ್ ಬೈ ಫೋರ್ ಅಥವಾ ಎಡಬ್ಲ್ಯುಡಿ ಗಾಡಿ, ಅಂದರೆ ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗಬಲ್ಲ ಗಾಡಿ, ಈಗ ಯಾವ ಊರಿಗೆ ಹೋದರೂ ಕಾಣುತ್ತದೆ. ಕೆಎ 19, ಕೆಎ 20, ಕೆಎ 21 ನಂಬರಿನ ಥಾರ್, ಜಿಮ್ನಿ, ಹಳೇ ಜಿಪ್ಸಿ, ಫಾರ್ಚುನರ್, ಗೂರ್ಖಾ ಎಲ್ಲವೂ ಹೈವೇ 66ರಲ್ಲಿ ಒಂದರ ಹಿಂದೆ ಒಂದು ಓಡುತ್ತವೆ. ಆದರೆ ಜುಲೈ ತಿಂಗಳ ರಾತ್ರಿ ತೋಟದ ದಾರಿಯಲ್ಲಿ ಗಾಡಿ ಹೂತರೆ ಯಾರಿಗೆ ಫೋನ್ ಮಾಡುತ್ತೀರಿ ಅಂತ ಕೇಳಿ ನೋಡಿ. ಹೆಚ್ಚಿನವರ ಹತ್ತಿರ ಒಂದು ನಂಬರೂ ಇರುವುದಿಲ್ಲ. ಆ ನಂಬರುಗಳು ಸಿಗುವ ಹಾಗೆ ಒಂದು ಬಳಗ ಕಟ್ಟುವುದು ಹೇಗೆ, ಕಟ್ಟಿದ್ದು ಕಂಪನಿ ಜಗಳದಲ್ಲಿ ಒಡೆಯದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹೆಬ್ರಿ ಹತ್ತಿರ ಅಡಿಕೆ ತೋಟ. ಡಾಮರು ಮುಗಿದ ಮೇಲೆ ಮನೆ ತನಕ ಮಣ್ಣಿನ ದಾರಿ, ನಡುವೆ ಒಂದು ತೋಡು. ನಾನು ಓಡಿಸುವುದು ಡಸ್ಟರ್ ಎಡಬ್ಲ್ಯುಡಿ. ನಮ್ಮ ಬಳಗದ ಪಟ್ಟಿ, ಹಣದ ಲೆಕ್ಕ, ಗಾಡಿ ಎಳೆಯುವ ಹಗ್ಗ, ಅದನ್ನು ಹುಕ್ಕಿಗೆ ಸಿಕ್ಕಿಸುವ ಶ್ಯಾಕಲ್ ಕೊಂಡಿಗಳ ಪೆಟ್ಟಿಗೆ ಎಲ್ಲ ನನ್ನ ಜವಾಬ್ದಾರಿ.

ಮೊದಲು ಎರಡು ಪಟ್ಟಿ ಮಾಡಿ

ಹೆಸರು, ಸ್ಟಿಕ್ಕರ್, ಟೀ ಶರ್ಟ್ ಆಮೇಲೆ ನೋಡಿದರಾಯಿತು. ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ಊರಿನ ಪಟ್ಟಿ ಒಂದು, ಗಾಡಿಯ ಪಟ್ಟಿ ಒಂದು ಮಾಡಿ. ಎರಡನ್ನೂ ಬೇರೆ ಬೇರೆ ಇಡಿ. ನನ್ನ ಪ್ರಕಾರ ಬಳಗ ಉಳಿಯುವುದೂ ಒಡೆಯುವುದೂ ಇಲ್ಲಿಯೇ.

ಊರಿನ ಪಟ್ಟಿಯನ್ನು ಬೈಂದೂರು, ಕುಂದಾಪುರ, ಹೆಬ್ರಿ, ಕಾರ್ಕಳ, ಕಾಪು, ಸುರತ್ಕಲ್, ಬಂಟ್ವಾಳ, ಬೆಳ್ತಂಗಡಿ ಅಂತ ವಿಂಗಡಿಸಿ. ಯಾರ ಮನೆ ಎಲ್ಲಿ, ಮನೆಗೆ ಯಾವ ದಾರಿ, ಮಳೆಗೆ ಯಾವ ಸೇತುವೆ ಮುಳುಗುತ್ತದೆ, ಗಾಡಿಗೆ ಲೋ ರೇಂಜ್ (ನಿಧಾನಕ್ಕೆ, ಹೆಚ್ಚು ಬಲದಲ್ಲಿ ಎಳೆಯುವ ಗೇರು) ಉಂಟಾ, ಎದುರು ಮತ್ತು ಹಿಂದೆ ಚಾಸಿಗೆ ಕೂತ ಗಟ್ಟಿ ಹುಕ್ ಉಂಟಾ, ಹಗ್ಗ ಉಂಟಾ, ರಾತ್ರಿ ಫೋನ್ ಎತ್ತುವವರು ಯಾರು, ಇಷ್ಟು ಬರೆಯಿರಿ. ಇದರಲ್ಲಿ ಕಂಪನಿಯ ಹೆಸರಿಗೆ ಜಾಗ ಬೇಡ. ಶಿರ್ವದಲ್ಲಿ ಹೂತ ಥಾರ್‌ಗೆ ಸುಳ್ಯದ ಥಾರ್‌ನಿಂದ ಏನೂ ಉಪಯೋಗ ಇಲ್ಲ. ಕಾಪುವಿನ ಜಿಮ್ನಿ ಅರ್ಧ ಗಂಟೆಯಲ್ಲಿ ಬರುತ್ತದೆ.

ಗಾಡಿಯ ಪಟ್ಟಿ ಬಿಡಿಭಾಗಕ್ಕೆ, ಮೆಕ್ಯಾನಿಕ್‌ಗೆ, ಅಭಿಮಾನಕ್ಕೆ. ಇದರಲ್ಲಿ ಜಿಪ್ಸಿಯವರು ಒಟ್ಟಿಗೆ, ಥಾರಿನವರು ಒಟ್ಟಿಗೆ, ನಮ್ಮಂಥ ಡಸ್ಟರಿನವರು ಒಟ್ಟಿಗೆ. ಯಾವ ಭಾಗ ಎಲ್ಲಿ ಸಿಕ್ಕಿತು, ಎಷ್ಟು ಬಿತ್ತು, ಯಾವ ಗ್ಯಾರೇಜಿನವರು ಕೈ ಹಾಕಿದರು ಅಂತ ಬರೆದಿಡಿ.

ಡಸ್ಟರ್ ಉದಾಹರಣೆ ಕೊಡುತ್ತೇನೆ. ಇಲ್ಲಿ ಎಡಬ್ಲ್ಯುಡಿ ಡಸ್ಟರ್ ಬಂದದ್ದು 2014ರಲ್ಲಿ. ಅದು ಡೀಸೆಲ್‌ನಲ್ಲಿ ಮಾತ್ರ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂತು, ರೆನೋ ಇಲ್ಲಿ ಡೀಸೆಲ್ ಎಂಜಿನ್ನನ್ನೇ ಬಿಟ್ಟಿತು, ಎಡಬ್ಲ್ಯುಡಿ ಅಲ್ಲಿಗೆ ನಿಂತಿತು. ಹಾಗಾದರೂ ಇಟ್ಟುಕೊಂಡವರು ಮಾರಲು ಒಪ್ಪುವುದಿಲ್ಲ. ಹಿಂದಿನ ಸಸ್ಪೆನ್ಷನ್ ಹೊಂಡಗಳನ್ನು ನುಂಗುವ ರೀತಿ, ಜಾರುವ ಏರಿನಲ್ಲಿ ಎಡಬ್ಲ್ಯುಡಿ ಲಾಕ್ ಹಾಕಿದಾಗ ಹಿಂದಿನ ಚಕ್ರ ತಳ್ಳುವ ರೀತಿ ಗೊತ್ತಿದ್ದವರಿಗೇ ಗೊತ್ತು. ಹೊಸತು ಸಿಗದ ಗಾಡಿಯನ್ನು ಚೆನ್ನಾಗಿ ಓಡಿಸಿಕೊಂಡು ಹೋಗಬೇಕಾದರೆ ಅದೇ ಗಾಡಿ ಇರುವ ಇನ್ನೊಬ್ಬರು ಬೇಕೇ ಬೇಕು. ಜಿಪ್ಸಿಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. 1985ರಲ್ಲಿ ಬಂದ ಗಾಡಿ ಅದು. ತಯಾರಿ ನಿಂತ ಮೇಲೂ ಅವರೊಳಗೆ ಬೇರಿಂಗ್, ಪ್ಲೇಟು, ಸೀಲು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ.

ಅಭಿಮಾನವನ್ನು ಅದುಮಬೇಡಿ

ಕಂಪನಿಯ ಮೇಲಿನ ಪ್ರೀತಿ ಕೆಟ್ಟದ್ದು, ಗುಂಪಿನಲ್ಲಿ ಅದರ ಮಾತೇ ಬೇಡ ಅಂತ ಕೆಲವರು ನಿಯಮ ಮಾಡುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಪ್ರೀತಿ ಇದ್ದವರೇ ಅಲ್ವಾ ಭಾನುವಾರ ಬೆಳಿಗ್ಗೆ ಎದ್ದು ಬರುವುದು?

ಹೊರಗಿನವರು ಇದನ್ನು ಹೇಗೆ ಬೆಳೆಸಿದರು ಅಂತ ನೋಡಿ. ಅಮೆರಿಕದಲ್ಲಿ ಜೀಪ್ ರ್‍ಯಾಂಗ್ಲರ್ ಓಡಿಸುವವರು ಎದುರಿನಿಂದ ಇನ್ನೊಂದು ರ್‍ಯಾಂಗ್ಲರ್ ಬಂದರೆ ಕೈ ಎತ್ತುತ್ತಾರೆ. ಗುರುತು ಪರಿಚಯ ಬೇಕಾಗಿಲ್ಲ. 2020ರಲ್ಲಿ ಕೆನಡಾದ ಒಬ್ಬ ಮಹಿಳೆ ಅಪರಿಚಿತರ ಜೀಪಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟು ಬಂದದ್ದು ಈಗ ದೇಶ ದೇಶಗಳಿಗೆ ಹಬ್ಬಿದೆ. ಸುಬಾರು ಕಂಪನಿ 1990ರ ದಶಕದಲ್ಲಿ ಅಮೆರಿಕದಲ್ಲಿ ವ್ಯಾಪಾರ ಇಲ್ಲದೆ ಕಷ್ಟದಲ್ಲಿತ್ತು. ತಮ್ಮ ಎಡಬ್ಲ್ಯುಡಿ ಕಾರನ್ನು ನಿಜಕ್ಕೂ ಕೊಳ್ಳುವವರು ಯಾರು ಅಂತ ಅವರು ಹುಡುಕಿ ನೋಡಿದರು. ಶಿಕ್ಷಕರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು, ಕಾಡು ಬೆಟ್ಟ ಸುತ್ತುವವರು, ಒಟ್ಟಿಗೆ ಬಾಳುವ ಹೆಣ್ಣುಮಕ್ಕಳು ಸಿಕ್ಕಿದರು. ಬೇರೆ ಯಾರೂ ಜಾಹೀರಾತಿನಲ್ಲಿ ಮಾತಾಡಿಸದ ಜನರನ್ನು ಸುಬಾರು ನೇರವಾಗಿ ಮಾತಾಡಿಸಿತು. ಆ ಗೌರವವನ್ನು ಜನ ಮರೆಯಲಿಲ್ಲ. ಸುಬಾರು ಇಟ್ಟುಕೊಂಡವರ ನಿಷ್ಠೆಗೆ ಇಂದೂ ಹೆಸರಿದೆ.

ಇದರಿಂದ ನಾವು ತೆಗೆದುಕೊಳ್ಳಬಹುದಾದ್ದು ಎರಡು. ರಸ್ತೆಯಲ್ಲಿ ಎದುರಾದರೆ ಕೈ ಎತ್ತಿ. ನಮ್ಮ ಬಳಗದಲ್ಲಿ ಥಾರ್ ಕಂಡರೂ ಎತ್ತುತ್ತೇವೆ, ಹಳೇ ಮೇಜರ್ ಜೀಪಿನಲ್ಲಿ ಹಟ್ಟಿಗೊಬ್ಬರ ಸಾಗಿಸುವವರು ಕಂಡರೂ ಎತ್ತುತ್ತೇವೆ. ಎರಡನೆಯದು, ಯಾರೂ ಮಾತಾಡಿಸದವರನ್ನು ಕರೆಯಿರಿ. ಹೊಸ ಗಾಡಿ, ದೊಡ್ಡ ಟಯರ್ ಇದ್ದವರು ಕರೆಯದೆಯೂ ಬರುತ್ತಾರೆ. ಘಟ್ಟದ ಬುಡದ ಮನೆಗಳಲ್ಲಿ ಜೀವಮಾನವಿಡೀ ಜೀಪ್ ಓಡಿಸಿದ ಹಿರಿಯರನ್ನು ನೀವೇ ಹೋಗಿ ಕರೆಯಬೇಕು. ಚೈನ್ ಕಟ್ಟದೆ ಮಳೆಗಾಲದ ಏರು ಹತ್ತುವುದು, ಕೆಸರಿನ ಬಣ್ಣ ನೋಡಿ ಆಳ ಹೇಳುವುದು ಅವರ ಹತ್ತಿರ ಉಂಟು.

ಜಗಳ ಬರುವುದು ಹೆಚ್ಚಾಗಿ ಒಂದೇ ಮಾತಿನಿಂದ. ‘ಎಡಬ್ಲ್ಯುಡಿ ಅಂದರೆ ನಿಜವಾದ ಫೋರ್ ಬೈ ಫೋರ್ ಅಲ್ಲ.’ ಈ ಮಾತು ಬಂದಾಗ ಸಂಚಾಲಕರು ತಕ್ಷಣ ವಿಷಯ ವಿವರಿಸಿಬಿಡಬೇಕು. ಥಾರ್, ಜಿಮ್ನಿ, ಗೂರ್ಖಾದಲ್ಲಿ ಬಲವನ್ನು ಎದುರು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇದೆ, ಲೋ ರೇಂಜ್ ಇದೆ. ಕಡಿದಾದ ಏರಿನಲ್ಲಿ, ಕಲ್ಲಿನ ಮೇಲೆ ಆಮೆ ನಡಿಗೆಯಲ್ಲಿ ಹೋಗಬಹುದು. ಗೂರ್ಖಾಗೆ ಎದುರು ಹಿಂದೆ ಎರಡೂ ಕಡೆ ಡಿಫ್ ಲಾಕ್ (ಎಡ ಬಲ ಚಕ್ರ ಒಟ್ಟಿಗೆ ತಿರುಗುವ ಹಾಗೆ ಡಿಫರೆನ್ಷಿಯಲ್ಲನ್ನು ಹಿಡಿದಿಡುವುದು) ಉಂಟು, ದಾಟುವ ನೀರಿನ ಆಳಕ್ಕೆ ಕಂಪನಿ ಹೇಳುವ ಮಿತಿ 700 ಮಿ.ಮೀ., ಥಾರ್‌ಗೆ 650 ಮಿ.ಮೀ. ಜಿಮ್ನಿಯ ಬಲ ಅದರ ಕಡಿಮೆ ತೂಕ. ಡಸ್ಟರ್, ಗ್ರ್ಯಾಂಡ್ ವಿಟಾರಾ, ಹೈರೈಡರ್, ಎಕ್ಸ್‌ಯುವಿ 700 ಇವುಗಳ ಎಡಬ್ಲ್ಯುಡಿಯಲ್ಲಿ ಎದುರಿನ ಚಕ್ರ ಜಾರಿದಾಗ ಒಂದು ಕ್ಲಚ್ ಹಿಡಿದು ಹಿಂದಿನ ಚಕ್ರಕ್ಕೆ ಬಲ ಕಳಿಸುತ್ತದೆ. ಲೋ ರೇಂಜ್ ಇಲ್ಲ. ಕೆಸರಲ್ಲಿ ಜಾಸ್ತಿ ಹೊತ್ತು ಒದ್ದಾಡಿಸಿದರೆ ಆ ಕ್ಲಚ್ ಬಿಸಿಯಾಗಿ ಕೈಕೊಡುತ್ತದೆ. ಆದರೆ ಮಳೆಯಲ್ಲಿ ಆಗುಂಬೆಯ 14 ತಿರುವು ಹತ್ತಿ ನೋಡಿ. ಅಲ್ಲಲ್ಲಿ ಒದ್ದೆ, ಅಲ್ಲಲ್ಲಿ ಒಣಗಿದ ಡಾಮರಿನಲ್ಲಿ ಪಾರ್ಟ್ ಟೈಮ್ ಫೋರ್ ಬೈ ಫೋರ್ (ಬೇಕಾದಾಗ ಮಾತ್ರ ಓಡಿಸುವವರು ಹಾಕುವಂಥದ್ದು) ಹಾಕಿ ತಿರುಗಿಸಿದರೆ ಚಕ್ರಕ್ಕೆ ಬಲ ಒಯ್ಯುವ ಡ್ರೈವ್‌ಲೈನ್ ಬಿಗಿದುಕೊಳ್ಳುತ್ತದೆ, ಹಾಗಾಗಿ ಥಾರ್, ಜಿಮ್ನಿಯವರು ಟೂ ವೀಲ್‌ನಲ್ಲೇ ಹೋಗಬೇಕು. ಎಡಬ್ಲ್ಯುಡಿ ತನ್ನಷ್ಟಕ್ಕೆ ಕೆಲಸ ಮಾಡಿಕೊಂಡು ಹೋಗುತ್ತದೆ. ಒಂದೊಂದು ಗಾಡಿ ಒಂದೊಂದು ಜಾಗಕ್ಕೆ ಅಂತ ಎಲ್ಲರ ಎದುರು ಹೇಳಿದರೆ ಮಾತು ತಣ್ಣಗಾಗುತ್ತದೆ.

ಒಂದು ನಿಯಮದಲ್ಲಿ ಮಾತ್ರ ರಾಜಿ ಬೇಡ. ಗಾಡಿ ಹೂತ ಜಾಗದಲ್ಲಿ ಕಂಪನಿಯ ಬಗ್ಗೆ ಒಂದು ಶಬ್ದವೂ ಬರಬಾರದು. ಅದು ಯಾರದ್ದೋ ಸಾಲದ ಗಾಡಿ, ಯಾರದ್ದೋ ತಂದೆ ಬಿಟ್ಟುಹೋದ ಗಾಡಿ. ಪಕ್ಕದಲ್ಲಿ ಹೆಂಡತಿ ಮಕ್ಕಳು ಕೂತಿರುತ್ತಾರೆ. ಆ ಹೊತ್ತಿಗೆ ಯಾರಾದರೂ ವಿಡಿಯೋ ತೆಗೆದು ನಕ್ಕರೆ ಅವರು ಮತ್ತೆ ಬರುವುದಿಲ್ಲ, ಮಾರಾಯ್ರೆ. ನಮ್ಮಲ್ಲಿ ವಿಡಿಯೋ ತೆಗೆಯುವ ಮೊದಲು ಗಾಡಿಯವರನ್ನು ಕೇಳಬೇಕು. ಹಗ್ಗ ಸಿಕ್ಕಿಸುವ ಮೊದಲೂ ಕೇಳಬೇಕು.

ಮೊದಲ ಸಲ ಸೇರುವಾಗ

ಗಾಡಿ ಓಡಿಸುವ ಕಾರ್ಯಕ್ರಮ ಇಡಬೇಡಿ. ಬೆಳಿಗ್ಗೆ ಬಿಸಿಲೇರುವ ಮೊದಲು, ಹೈವೇ ಬದಿಯಲ್ಲಿ ಪಾರ್ಕಿಂಗಿಗೆ ಜಾಗ ಇರುವ ಹೋಟೆಲಿನ ಹತ್ತಿರ ಸೇರಿ. ಬನ್ಸ್, ಗೋಳಿಬಜೆ, ಚಾ ಆಗಲಿ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಗಾಡಿಯ ಹುಕ್ ಎಲ್ಲಿದೆ ಅಂತ ಬಗ್ಗಿ ತೋರಿಸಲಿ. ಎಷ್ಟೋ ಜನ ಅದನ್ನು ನೋಡಿಯೇ ಇರುವುದಿಲ್ಲ. ಬಂಪರಿನಲ್ಲಿ ಮುಚ್ಚಳ ತೆಗೆದು ತಿರುಗಿಸಿ ಹಾಕುವ ಹುಕ್ ಸಮತಟ್ಟಾದ ರಸ್ತೆಯಲ್ಲಿ ನಿಧಾನ ಎಳೆಯಲು ಮಾತ್ರ. ಕೆಸರಿನಿಂದ ಜಗ್ಗಿ ಎಳೆಯಲು ಅದು ಆಗುವುದಿಲ್ಲ. ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಹಗ್ಗ ಹಾಕಲೇಬಾರದು. ಅದು ಕಿತ್ತು ಹಾರಿದರೆ ಜೀವ ಹೋಗುತ್ತದೆ.

ನಡು ತೋಟದ ಮನೆಗಳು

ನಮ್ಮ ಜಿಲ್ಲೆಗಳ ಒಂದು ವಿಶೇಷ ಎಲ್ಲರಿಗೂ ಗೊತ್ತು. ಮನೆಯ ಗಂಡಸರು ದುಬೈ, ಕುವೈತ್, ಮುಂಬೈ, ಬೆಂಗಳೂರಿನಲ್ಲಿ. ಗಾಡಿ ಊರಿನಲ್ಲಿ. ಮನೆಯಲ್ಲಿ ಅಮ್ಮ, ಹೆಂಡತಿ, ಅಜ್ಜ. ರಜೆಗೆ ಬಂದಾಗ ಆಸೆಯಿಂದ ಥಾರ್ ತೆಗೆದು, ಒಂದು ತಿಂಗಳು ಓಡಿಸಿ, ಶೆಡ್ಡಿನಲ್ಲಿಟ್ಟು ಹೋಗುತ್ತಾರೆ. ಮಳೆಗಾಲದಲ್ಲಿ ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದಾಗ ಫೋರ್ ಬೈ ಫೋರ್ ಅಂಗಳದಲ್ಲೇ ಇದ್ದೂ ಯಾರಿಗೂ ಅದನ್ನು ಹಾಕಲು ಬರುವುದಿಲ್ಲ. ಬಳಗ ಕಟ್ಟುವವರು ಈ ಮನೆಗಳಿಂದಲೇ ಶುರು ಮಾಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹೀಗೆ ಮಾಡಿ. ಪ್ರತಿ ಮನೆಯಲ್ಲಿ ಕನಿಷ್ಠ ಇಬ್ಬರಿಗೆ ಗಾಡಿ ಪೂರ್ತಿ ಗೊತ್ತಿರಬೇಕು. ಅದರಲ್ಲಿ ಒಬ್ಬರು ಊರಿನಲ್ಲೇ ಇರುವವರು. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಗಟ್ಟಿ ಇರುವಾಗ ಅವರನ್ನು ಕೂರಿಸಿ ಕಲಿಸಿ. ಗಾಡಿ ಪೂರ್ತಿ ನಿಲ್ಲಿಸಿ ಫೋರ್ ಲೋ (ಲೋ ರೇಂಜ್) ಹಾಕುವುದು, ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟು ಸುಮ್ನೆ ಕೂತು ಗಾಡಿ ತಾನಾಗಿ ಏರು ಹತ್ತುವುದನ್ನು ನೋಡುವುದು, ಇಳಿಜಾರಿನಲ್ಲಿ ಬ್ರೇಕಿನ ಬದಲು ಎಂಜಿನ್ ಹಿಡಿತ ನಂಬುವುದು. ಮೊದಲ ದಿನ ಭಯ ಇರುತ್ತದೆ. ಕಲಿಸುವವರು ಹೆಂಗಸರಾದರೆ ಬೇಗ ಹೋಗುತ್ತದೆ, ಇದು ನಾನು ಕಣ್ಣಾರೆ ನೋಡಿದ್ದು. ಶಂಕರಪುರ ಕಡೆಯ ಒಬ್ಬ ಅಕ್ಕ, ಗಂಡ ಮಸ್ಕತ್‌ನಲ್ಲಿ, ಈಗ ನಮ್ಮ ಊರಿನ ಪಟ್ಟಿಯಲ್ಲಿ ರಾತ್ರಿ ಫೋನ್ ಎತ್ತುವವರಲ್ಲಿ ಒಬ್ಬರು. ಅವರ ಗಾಡಿ ನೆರೆಕರೆಯ ಎಷ್ಟೋ ಆಟೋ, ಹಾಲಿನ ಟೆಂಪೊ ಎಳೆದು ಮೇಲೆ ಹಾಕಿದೆ. ಅವರಿಗೆ ಆ ಗಾಡಿ ಮೇಲೆ ಇರುವ ಪ್ರೀತಿಯನ್ನು ಯಾವ ಶೋರೂಮಿನ ಆಫರೂ ಅಲುಗಾಡಿಸಲು ಸಾಧ್ಯ ಇಲ್ಲ.

ಮಾಲೀಕರು ಹೊರಗಿದ್ದು ಗಾಡಿ ಓಡಿಸುವವರೇ ಇಲ್ಲದ ಮನೆ ಇದ್ದರೆ, ಪಕ್ಕದ ಊರಿನ ಸದಸ್ಯರೊಬ್ಬರಿಗೆ ಅದನ್ನು ವಹಿಸಿ. ಅವರು ಆಗಾಗ ಹೋಗಿ ಗಾಡಿ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಓಡಿಸಲಿ, ಮಣ್ಣಿನ ದಾರಿಯಲ್ಲಿ ಫೋರ್ ಬೈ ಫೋರ್ ಒಮ್ಮೆ ಹಾಕಿ ತೆಗೆಯಲಿ. ನಿಂತಲ್ಲೇ ನಿಂತರೆ ಬ್ಯಾಟರಿ ಇಳಿಯುತ್ತದೆ, ಬ್ರೇಕ್ ಹಿಡಿಯುತ್ತದೆ, ಇಲಿ ವಯರ್ ಕಡಿಯುತ್ತದೆ. ಕೀಲಿಕೈ ಕೊಡುವ ಮೊದಲು ಮಾಲೀಕರಿಂದ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ನೋಡಿ.

ಎಲ್ಲಿ ಓಡಿಸಬೇಕು

ಸಮುದ್ರದ ಮರಳಿನಲ್ಲಿ ಬೇಡ. ಸಸಿಹಿತ್ಲು, ತಣ್ಣೀರುಬಾವಿ, ಬೆಂಗ್ರೆ ಕಡೆ ಕಡಲಾಮೆ ಬಂದು ಮರಳಿನಲ್ಲಿ ಮೊಟ್ಟೆ ಇಡುತ್ತದೆ. ಮೇಲೆ ಗಾಡಿ ಹೋದರೆ ಮುಗಿಯಿತು. ಜನರೂ ಮಕ್ಕಳೂ ಓಡಾಡುವ ಜಾಗ ಅದು. ಉಪ್ಪುನೀರು ಗಾಡಿಯ ಅಡಿಯನ್ನು ತಿಂದುಹಾಕುತ್ತದೆ. ಕಾಡಿನೊಳಗೂ ಬೇಡ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ರಸ್ತೆಯಲ್ಲಿ ಹೋಗುವಾಗ ಗೇಟಿನ ಸಮಯ ಪಾಲಿಸಿ, ರಸ್ತೆ ಬಿಟ್ಟು ಒಂದು ಚಕ್ರವೂ ಹುಲ್ಲಿಗೆ ಇಳಿಯಬಾರದು. 1972ರ ವನ್ಯಜೀವಿ ಕಾಯ್ದೆಯಡಿ ಕೇಸಾಗುತ್ತದೆ. ಕೇಸಿನ ಮಾತು ಬಿಟ್ಟರೂ ಆ ಹುಲ್ಲುಗಾವಲು ನಮ್ಮ ಹೊಳೆಗಳ ತಾಯಿ ಬೇರು.

ನಮಗೆ ಸರಿಯಾದ್ದು ಖಾಸಗಿ ಜಾಗ. ರಬ್ಬರ್ ತೋಟದ ದಾರಿ, ಗುಡ್ಡದ ಮೇಲಿನ ಬೋಳು ಮುರಕಲ್ಲಿನ ಹಾಸು, ಕೆಲಸ ನಿಂತ ಕಲ್ಲಿನ ಕೋರೆಯ ಮೇಲ್ಭಾಗ. ನೀರು ತುಂಬಿದ ಕೋರೆಗೆ ಮಾತ್ರ ಯಾವ ಗಾಡಿಯೂ ಇಳಿಯಬಾರದು. ಗೋಡೆ ನೇರ ಕಡಿದಿರುತ್ತದೆ, ಆಳ ಕಾಣುವುದಿಲ್ಲ. ಮಾಲೀಕರ ಹತ್ತಿರ ಮಾತಾಡುವಾಗ ಜಾಗ ವರ್ಗದ್ದೋ (ಸ್ವಂತ ಪಟ್ಟಾ ಜಾಗ) ಕುಮ್ಕಿಯೋ (ಅದಕ್ಕೆ ತಾಗಿದ ಸರ್ಕಾರಿ ಜಾಗ) ಕೇಳಿ, ಗಡಿ ನಡೆದು ನೋಡಿ. ನಾಗಬನ, ದೈವದ ಕಟ್ಟೆ ಹತ್ತಿರ ಇದ್ದರೆ ದಾರಿಯನ್ನೇ ಬದಲಿಸಿ. ಗದ್ದೆಯ ಅಂಚು ಕೆಡಿಸಿದರೆ ಅದೇ ದಿನ ಕಟ್ಟಿಕೊಟ್ಟು ಬನ್ನಿ.

ಪೆಟ್ಟಿಗೆ

ಪ್ರತಿಯೊಬ್ಬರೂ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಹತ್ತಿರದ ಎರಡು ಮೂರು ಊರಿಗೆ ಒಂದು ಪೆಟ್ಟಿಗೆ ಸಾಕು, ಖರ್ಚು ಹಂಚಿಕೊಳ್ಳಿ. ಅದರಲ್ಲಿ ಒಂದು ಕೈನೆಟಿಕ್ ಹಗ್ಗ, ಅಂದರೆ ಎಳೆದಾಗ ರಬ್ಬರಿನಂತೆ ಹಿಗ್ಗುವ ನೈಲಾನ್ ಪಟ್ಟಿ. ಹಿಗ್ಗದ ಸಾದಾ ಪಟ್ಟಿ ಒಂದು. ಮುಕ್ಕಾಲು ಇಂಚಿನ, 4.75 ಟನ್ ಅಂತ ಮೈಮೇಲೆ ಅಚ್ಚಾದ ಶ್ಯಾಕಲ್ ಎರಡಾದರೂ ಬೇಕು. ಅಚ್ಚು ಇಲ್ಲದ ಹಾರ್ಡ್‌ವೇರ್ ಅಂಗಡಿಯ ಶ್ಯಾಕಲ್ ತರಬೇಡಿ. ಕೆಸರಿನಲ್ಲಿ ಚಕ್ರದಡಿ ಇಡುವ ಹಲಗೆ ಒಂದು ಜೋಡಿ, ಗಾಳಿ ಇಳಿಸಿದ ಮೇಲೆ ತುಂಬಲು ಕಂಪ್ರೆಸರ್, ಪಿಕಾಸಿ, ಕೈಗವಸು, ಟಾರ್ಚ್, ಪ್ರಥಮ ಚಿಕಿತ್ಸೆ ಡಬ್ಬಿ. ಕೆಸರಿನಲ್ಲಿ ಟಯರ್ ಗಾಳಿಯನ್ನು 18, 20 ಪಿಎಸ್‌ಐಗೆ ಇಳಿಸಿದರೆ ಎಷ್ಟೋ ಸಲ ಹಗ್ಗವೇ ಬೇಕಾಗುವುದಿಲ್ಲ. ಡಾಮರಿಗೆ ಬಂದ ಕೂಡಲೇ ಮತ್ತೆ ತುಂಬಿ.

ಹಗ್ಗ ಬಿಗಿಯುವ ಮೊದಲು ಅದರ ನಡುವೆ ಒದ್ದೆ ಗೋಣಿಚೀಲ ಹಾಕಿ, ತುಂಡಾದರೆ ಹಾರುವುದು ಕಡಿಮೆ. ಹಗ್ಗದ ಉದ್ದದ ಒಂದೂವರೆ ಪಾಲು ದೂರಕ್ಕೆ ಎಲ್ಲರೂ ಸರಿಯಬೇಕು. ಸೂಚನೆ ಕೊಡುವುದು ಒಬ್ಬರೇ.

ನಮ್ಮ ಗಾಳಿಯಲ್ಲಿ ಉಪ್ಪಿದೆ, ಮಳೆ ವರ್ಷಕ್ಕೆ 3,500 ಮಿ.ಮೀ. ದಾಟುತ್ತದೆ. ಶ್ಯಾಕಲ್‌ನ ಪಿನ್ ತುಕ್ಕು ಹಿಡಿದು ತಿರುಗದೆ ಹೋಗುತ್ತದೆ, ಹಗ್ಗಕ್ಕೆ ಬೂಸಲು ಬರುತ್ತದೆ. ಉಪಯೋಗಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಪಿನ್ನಿಗೆ ಗ್ರೀಸ್ ಸವರಿ ಇಡಿ. ಮೇ ಕೊನೆಯಲ್ಲಿ ಎಲ್ಲ ಪೆಟ್ಟಿಗೆಗಳನ್ನು ಒಂದು ಕಡೆ ತಂದು ಬಿಚ್ಚಿ ನೋಡಿ.

ಮಳೆಗಾಲದ ಕೆಲಸ

2019ರ ಆಗಸ್ಟ್ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯಿತು, ಬೆಳ್ತಂಗಡಿ ಕಡೆಯ ಮನೆ ತೋಟಗಳಿಗೆ ನೀರು ನುಗ್ಗಿತು. ಅಂಥ ದಿನ ಬಳಗದವರಿಗೆ ಕೈ ತುರಿಸುತ್ತದೆ. ತಾವಾಗಿಯೇ ಹೊರಡಬೇಡಿ. ಮಳೆಗಾಲ ಶುರುವಾಗುವ ಮೊದಲೇ ತಹಶೀಲ್ದಾರ್ ಕಚೇರಿಗೂ ಅಗ್ನಿಶಾಮಕ ಠಾಣೆಗೂ ಊರಿನ ಪಟ್ಟಿಯ ಪ್ರತಿ ಕೊಡಿ. ಅವರು ಕರೆದಾಗ, ಹೇಳಿದ ಕಡೆ ಹೋಗಿ. ಔಷಧ, ಡಯಾಲಿಸಿಸ್ ರೋಗಿ, ಬಿದ್ದ ಮರ ಬದಿಗೆ ಎಳೆಯುವುದು, ಇಂಥ ಕೆಲಸಕ್ಕೆ ನಮ್ಮ ಗಾಡಿಗಳು ಹೇಳಿ ಮಾಡಿಸಿದ ಹಾಗಿವೆ. ಹರಿಯುವ ನೀರಿಗೆ ಮಾತ್ರ ಇಳಿಯಬೇಡಿ. ಎರಡಡಿ ಹರಿವು ಹೆಚ್ಚಿನ ಎಸ್‌ಯುವಿಗಳನ್ನೂ ಎತ್ತಿಕೊಂಡು ಹೋಗಬಲ್ಲದು. ಸ್ನಾರ್ಕೆಲ್ ಎಂಜಿನ್ನಿಗೆ ಗಾಳಿ ಕೊಡುತ್ತದೆ ಅಷ್ಟೆ, ಗಾಡಿಯನ್ನು ನೆಲಕ್ಕೆ ಹಿಡಿದಿಡುವುದಿಲ್ಲ.

ನೀರು ದಾಟಿ ಬಂದ ಗಾಡಿಯ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ಆಯಿಲ್ ಬಿಚ್ಚಿ ನೋಡಿಸಿ. ಹಾಲಿನ ಚಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ, ಬದಲಿಸಲೇಬೇಕು. ಎಡಬ್ಲ್ಯುಡಿಯವರು ನಾಲ್ಕೂ ಟಯರ್ ಒಟ್ಟಿಗೆ ಬದಲಿಸಿ. ಎರಡು ಹೊಸತು ಎರಡು ಸವೆದದ್ದು ಹಾಕಿದರೆ ಹಿಂದಿನ ಚಕ್ರಕ್ಕೆ ಬಲ ಕಳಿಸುವ ಕ್ಲಚ್ ಬಿಡುವಿಲ್ಲದೆ ದುಡಿದು ಹಾಳಾಗುತ್ತದೆ. ಬಳಗದಿಂದ ಒಟ್ಟಿಗೆ ಟಯರ್ ತರಿಸಿದರೆ ಬೆಲೆಯಲ್ಲೂ ಇಳಿಸುತ್ತಾರೆ. ಬುಲ್ ಬಾರ್, ಅಂದರೆ ಬಂಪರಿನ ಎದುರು ಹಾಕಿಸುವ ಕಬ್ಬಿಣದ ಕಂಬಿ, ಇದರ ಬಗ್ಗೆ ಹೊಸಬರು ಕೇಳುತ್ತಾರೆ. ಕೇಂದ್ರ ಸರ್ಕಾರ 2017ರ ಕೊನೆಗೇ ಅದರ ವಿರುದ್ಧ ಆದೇಶ ಕೊಟ್ಟಿದೆ, ಹಾಕಿಸಬೇಡಿ.

ಶೋರೂಮಿನವರು ಟೀ ಶರ್ಟ್, ಊಟ ಕೊಡುತ್ತೇವೆ, ನಮ್ಮ ಗಾಡಿಯವರನ್ನು ಮಾತ್ರ ಕರೆದುಕೊಂಡು ಬನ್ನಿ ಅಂತ ಕರೆಯುತ್ತಾರೆ. ಹೋಗುವವರು ಗಾಡಿಯ ಪಟ್ಟಿಯ ಲೆಕ್ಕದಲ್ಲಿ ಖುಷಿಯಾಗಿ ಹೋಗಲಿ. ಬಳಗದ ಹೆಸರು, ಊರಿನ ಪಟ್ಟಿ ಅವರಿಗೆ ಕೊಡಬೇಡಿ. ಬಳಗಕ್ಕೆ ಅವರ ಹಣವೂ ಬೇಡ.

ಗಾಡಿ ಮಾರಿದವರನ್ನು, ಕಂಪನಿ ಬದಲಿಸಿದವರನ್ನು ಪಟ್ಟಿಯಿಂದ ತೆಗೆಯಬೇಡಿ. ಮಕ್ಕಳ ಫೀಸಿಗೆ ಫಾರ್ಚುನರ್ ಮಾರಿ ಸಣ್ಣ ಕಾರು ತಂದವರು ನಮ್ಮಲ್ಲಿದ್ದಾರೆ, ಮಳೆಗಾಲದ ಫೋನ್ ಕೆಲಸ ಎಲ್ಲ ಅವರದ್ದೇ. ಮಾರುವವರು ಉಳಿದ ಬಿಡಿಭಾಗ, ಸರ್ವಿಸ್ ಪುಸ್ತಕ, ಬಳಗದವರು ಬರೆದ ರಿಪೇರಿ ಟಿಪ್ಪಣಿ ಎಲ್ಲವನ್ನೂ ಗಾಡಿಯ ಜೊತೆಗೇ ಕೊಡಲಿ. ಕೊಂಡವರ ಊರು, ನಂಬರು ಕೇಳಿ ಎರಡೂ ಪಟ್ಟಿಯಲ್ಲಿ ಬರೆದುಕೊಳ್ಳಿ, ಆ ಗಾಡಿಯನ್ನು ಇಷ್ಟು ವರ್ಷ ನೋಡಿಕೊಂಡ ಮೆಕ್ಯಾನಿಕ್ ಅಣ್ಣನಿಗೂ ಒಂದು ಫೋನ್ ಮಾಡಿ ಹೇಳಿ.